ಜಾಲಕವಿಯ ಯೋಗಕ್ಷೇಮಮೀಮಾಂಸೆ

ಕಾವ್ಯಪ್ರಯೋಜನಗಳನ್ನು ಎಣಿಸಹೊರಟ ಮಮ್ಮಟಾಚಾರ್ಯನು ಯಶಸ್ಸನ್ನು ಮೊದಲಿಗೂ ಅರ್ಥಪ್ರಾಪ್ತಿಯನ್ನು ಅದರ ಬೆನ್ನಿಗೂ ಇರಿಸಿದನಾದರೂ, ಇವೆರಡರ ನಡುವೆ ಎಷ್ಟು ಕಾಲ ಸಲ್ಲತಕ್ಕದ್ದೆಂಬುದನ್ನು ಹೇಳದೆಯೇ ಮುಂದೆ ಸಾಗಿದನು. ಆ ನ್ಯೂನತೆಯನ್ನು ತುಂಬಿ, ಅಂತರ್ಜಾಲದಲ್ಲಿ ಬರೆದೇ ಬಾಳುವೆನೆಂದು ಹೊರಟ ಕನ್ನಡಿಗನ ಯೋಗಕ್ಷೇಮವನ್ನು ಶಾಸ್ತ್ರೋಕ್ತವಾಗಿ ನಿರ್ಣಯಿಸುವುದೇ ಈ ಪ್ರಬಂಧದ ಪ್ರತಿಜ್ಞೆಯಾಗಿರುವುದು.

ಪೂರ್ವಕಾಲದಲ್ಲಿ ಈ ಅಂತರವು ಅಲ್ಪವಾಗಿದ್ದಿತು. ಪಂಪನು ಭಾರತವನ್ನು ಬರೆದನು; ಅರಿಕೇಸರಿಯು ಧರ್ಮವುರವೆಂಬ ಅಗ್ರಹಾರವನ್ನಿತ್ತನು. ಅತ್ತಿಮಬ್ಬೆಯಂತೂ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ತನ್ನ ವೆಚ್ಚದಲ್ಲಿ ಬರೆಯಿಸಿ ಹಂಚಿದಳು. ಈ ಸಹಸ್ರಸಂಖ್ಯೆಯ ಮಹಿಮೆಯು ಬಹುಶತಮಾನಗಳ ತರುವಾಯ, 2008ರಲ್ಲಿ, ಅಮೆರಿಕದ ಕೆವಿನ್ ಕೆಲ್ಲಿಯವರಿಗೆ ಗೋಚರಿಸಿತು: 1000 ನಿಜವಾದ ಅಭಿಮಾನಿಗಳಿಂದ ವರ್ಷಕ್ಕೆ ತಲಾ 100 ಡಾಲರು ಲಾಭ ಬಂದರೆ ಕಲಾವಿದನು ಬದುಕಬಲ್ಲನೆಂಬುದು ಅವರ ಸೂತ್ರ. ಇಲ್ಲಿ ಒಬ್ಬಾಕೆ ಸಾವಿರ ಮಂದಿಗೆ ಕೊಟ್ಟಳು. ಅಲ್ಲಿ ಸಾವಿರ ಮಂದಿ ಒಬ್ಬನಿಗೆ ಕೊಡಬೇಕು. ಭೇದವು ಇಷ್ಟೇ.

ಈಗ ಆ ಸಾವಿರ ಮಂದಿಯ ವಿಂಗಡಣೆ. ಹೆಬ್ಬೆರಳನ್ನಷ್ಟೇ ಎತ್ತಿ ತೋರುವ ಅಂಗುಷ್ಠಮಾತ್ರರು ಪ್ರಥಮರು. ಕೈಮುಗಿದ ಚಿತ್ರವನ್ನು ಕಳುಹಿ ಋಣಮುಕ್ತರಾಗುವ ಅಂಜಲಿಬದ್ಧರು ದ್ವಿತೀಯರು. ಬರಹದ ಮೇಲಿಂದ ಬರೆದವನ ಹೆಸರಿನ ಭಾರವನ್ನಿಳಿಸಿ ವಾಟ್ಸಾಪಿನಲ್ಲಿ ಸಾಗಿಸುವ ವಾಹಕರು ತೃತೀಯರು. ಚಂದಾ ಕೊಡುವ ಚತುರ್ಥವರ್ಗವು ಪ್ರತ್ಯಕ್ಷಕ್ಕೆ ನಿಲುಕದೆ ಅನುಮಾನಪ್ರಮಾಣದಿಂದ ಮಾತ್ರ ಸಿದ್ಧವಾಗತಕ್ಕದ್ದು; ಧೂಮದಿಂದ ಅಗ್ನಿಯನ್ನು ಊಹಿಸುವ ತಾರ್ಕಿಕನಂತೆ ಲೇಖಕನು, "ಪುಸ್ತಕ ಮಾಡಿ ಸಾರ್, ಖಂಡಿತ ಕೊಳ್ತೀವಿ" ಎಂಬ ಉದ್ಗಾರದಿಂದ ಅವರನ್ನು ಊಹಿಸುವನು. ಆದರೆ ಪುಸ್ತಕವು ಹೊರಬಂದ ಮರುದಿನವೇ ಅವರು ಗೌರವಪ್ರತಿಯನ್ನು ಬೇಡುವರಾದುದರಿಂದ ಆ ಹೇತುವು ಹೇತ್ವಾಭಾಸವೆಂದೇ ತಿಳಿಯತಕ್ಕದ್ದು.

ರಾಜಭಾಗದ ವಿಚಾರವನ್ನೂ ಇಲ್ಲಿಯೇ ಮುಗಿಸಬಹುದು. ಸ್ಮೃತಿಕಾರರ ಅರಸನು ಬೆಳೆಯಲ್ಲಿ ಆರನೆಯ ಒಂದು ಪಾಲನ್ನು ಪಡೆಯುತ್ತಿದ್ದನು. 2017ರಲ್ಲಿ ಅವತರಿಸಿದ, ಲೇಖಕರಿಗೆ ಓದುಗರಿಂದ ಚಂದಾ ಎತ್ತಿಕೊಡುವ ಸಬ್‌ಸ್ಟ್ಯಾಕ್ ಎಂಬ ಜಾಲತಾಣವು ಆ ಚಂದಾಹಣದ ಶೇಕಡಾ 10ರಲ್ಲಿಯೇ ತೃಪ್ತವಾಗಿದೆ. ಸೊನ್ನೆಯ ದಶಾಂಶವೂ ಸೊನ್ನೆಯೇ ಆಗಿರುವುದರಿಂದ ಕನ್ನಡ ಲೇಖಕನು ಈ ವಿಷಯದಲ್ಲಿ ಸರ್ವಥಾ ನಿರ್ಭಯನು.

ಇನ್ನು ಸಿದ್ಧಾಂತ. ಮಾಸ್ತಿಯವರು ಮೈಸೂರು ಸರ್ಕಾರದ ಅಧಿಕಾರಿಗಳಾಗಿದ್ದರು. ಬೇಂದ್ರೆಯವರೂ ಕುವೆಂಪು ಅವರೂ ಪಾಠ ಹೇಳಿದರು. ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಮಾರಿದ ಗಳಗನಾಥರು ಈ ನಿಯಮಕ್ಕೆ ಪೂಜ್ಯ ಅಪವಾದ. ಆದಕಾರಣ ಆಧುನಿಕ ಕನ್ನಡ ಸಾಹಿತ್ಯದ ಪರಮಾಶ್ರಯದಾತನು ಅರಸನೂ ಅಲ್ಲ, ಅಭಿಮಾನಿಸಹಸ್ರವೂ ಅಲ್ಲ. ತಿಂಗಳ ಸಂಬಳವೆಂಬ ಆ ನಿರಹಂಕಾರಿ ಮಹಾನುಭಾವನೇ, ಯಾವ ಅರ್ಪಣೆಯ ಪುಟದಲ್ಲಿಯೂ ಸ್ಮರಿಸಲ್ಪಡದೆ, ಯಶಸ್ಸಿಗೂ ಅರ್ಥಕ್ಕೂ ನಡುವಣ ಕಂದಕದಲ್ಲಿ ಸೇತುವೆಯಾಗಿ ಮಲಗಿರುವನು. ಜಾಲಕವಿಯು ಇರುಳಲ್ಲಿ ಯಶಸ್ಸನ್ನು ಅರಸಲಿ. ಹಗಲಲ್ಲಿ ಹಾಜರಿಪುಸ್ತಕಕ್ಕೆ ರುಜು ಹಾಕಲಿ.

ಫಲಶ್ರುತಿ: ಈ ಮೀಮಾಂಸೆಯನ್ನು ಕಡೆಯವರೆಗೆ ಓದಿದವರಿಗೆ ಪುಣ್ಯವೂ, ಓದದೆಯೇ ಹಂಚಿದವರಿಗೆ ಪಾಂಡಿತ್ಯವೂ ಲಭಿಸುವುದು; ಯುಪಿಐ ಮೂಲಕ ದಕ್ಷಿಣೆಯನ್ನು ಸಲ್ಲಿಸಿದವರಿಗೆ ಒದಗುವ ಫಲವು ಈವರೆಗೆ ಪರೀಕ್ಷೆಗೊಳಗಾಗಿಲ್ಲ.