ಎಂಟು ಕಿಟಕಿಯ ತಾತ

ಮೈಸೂರಿನ ಯಾದವಗಿರಿಯಲ್ಲಿ ಮನೆ ಎಂದೊಡನೆ, ಬಂದ ನೆಂಟರು ಕಾಫಿಗೂ ಮೊದಲು ಕೇಳುವುದು, ‘ಆರ್.ಕೆ. ನಾರಾಯಣ್ ನಿಮಗೆ ಪರಿಚಯವಿದ್ದರಾ?’ ಇರಲಿಲ್ಲ ಎಂದರೆ ಮುಖ ಸಣ್ಣದಾಗುತ್ತದೆ. ಅದಕ್ಕೇ ಆ ಕಾದಂಬರಿಕಾರರನ್ನು ನಮ್ಮ ಬಡಾವಣೆಯ ತಾತ ಎಂದು ಘೋಷಿಸಿಬಿಟ್ಟಿದ್ದೇನೆ. 1906ರಲ್ಲಿ ಮದರಾಸಿನಲ್ಲಿ ಹುಟ್ಟಿ, ಅಜ್ಜಿಯ ಬಳಿ ಬೆಳೆದು, ಹೆಡ್‌ಮಾಸ್ಟರ್ ಅಪ್ಪನಿದ್ದ ಮೈಸೂರಿಗೆ ವಲಸೆ ಬಂದವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಕಾಗದದ ಮೇಲೆ ಇಂಗ್ಲಿಷ್ ಎನ್ನುತ್ತಾ 94 ವರ್ಷ ಬಾಳಿದರು. ಮೂರರಲ್ಲೂ ತಡವರಿಸುವ ನನಗೆ ಈಗಲೇ ಮಂಡಿನೋವು.

ಯಾದವಗಿರಿಯ ಮನೆಯಲ್ಲಿ ತಾತನ ಬರೆಯುವ ಕೋಣೆಗೆ ಎಂಟು ಕಿಟಕಿ! ನನ್ನದಕ್ಕೆ ಒಂದೇ, ಅದೂ ಪಕ್ಕದ ಮನೆಯ ನೀರಿನ ಟ್ಯಾಂಕಿನತ್ತ. ನಾನು ಬರೆಯದಿರುವುದಕ್ಕೆ ಅದೇ ಕಾರಣವೆಂದು ಹೆಂಡತಿಯನ್ನು ನಂಬಿಸಿದ್ದೆ. ಆದರೆ ತಾತ, ಹೊರಗಿನ ಚೆಲುವಿಗೆ ಮನಸ್ಸು ಹರಿಯುತ್ತದೆಂದು ದಪ್ಪ ಪರದೆ ಎಳೆದು ದಿನಕ್ಕೆ ಸಾವಿರ ಪದ ಬರೆಯುತ್ತಿದ್ದರಂತೆ. ಇದು ಕಿವಿಗೆ ಬಿದ್ದದ್ದೇ ತಡ, ನನ್ನ ಕಿಟಕಿಗೂ ಪರದೆ ಬಂತು. ಈಗ ಮಧ್ಯಾಹ್ನದ ನಿದ್ದೆ ಬಲು ಸೊಗಸು.

ತಾತನ ಆ ಮನೆ 2016ರಿಂದ ಮ್ಯೂಸಿಯಂ. ಧಾರಾಳವಾಗಿ ಬನ್ನಿ. ತಾತನ ಕಥೆಗಳ ಕಾಲ್ಪನಿಕ ಊರಾದ ಮಾಲ್ಗುಡಿಯ ಸ್ಟೇಷನ್ ತೋರಿಸಿ ಎಂದು ಮಾತ್ರ ನನ್ನನ್ನು ಪೀಡಿಸಬೇಡಿ. ಆ ಕಥೆಗಳ ಟಿವಿ ಧಾರಾವಾಹಿಯಲ್ಲಿ ಕಂಡ ಸ್ಟೇಷನ್ ಇರುವುದು ಶಿವಮೊಗ್ಗ ಜಿಲ್ಲೆಯ ಅರಸಾಳಿನಲ್ಲಿ.