ಹಳೆಯ ರೇಡಿಯೋಗಳ ಒಡಲು ಬರಿದು ಮಾಡುವ ಮಹನೀಯರಿಗೊಂದು ಬಿನ್ನಹ

ವಾಲ್ವ್ ರೇಡಿಯೋಗಳನ್ನು ಕೊಂಡು, ಒಳಗಿರುವುದನ್ನೆಲ್ಲ ಕಿತ್ತು ಹಾಕಿ, ಆ ಜಾಗದಲ್ಲಿ ಬ್ಲೂಟೂತ್ ಬೋರ್ಡು ಕೂರಿಸಿ, ಹೊರಗೆ ಹೊಳಪು ಬಳಿದು ಮಾರುವ ಸಕಲ ಮಹನೀಯರ ಸನ್ನಿಧಾನಕ್ಕೆ, ಬಿಡುವಾದಾಗ ಅಂಥವೇ ರೇಡಿಯೋಗಳನ್ನು ಮತ್ತೆ ನುಡಿಸಲು ಕೂರುವ ಹವ್ಯಾಸಿಯೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ಮೊದಲಿಗೆ ತಮಗೆ ಸಲ್ಲಬೇಕಾದ ಕೃತಜ್ಞತೆಯನ್ನು ಸಲ್ಲಿಸಿಬಿಡುತ್ತೇನೆ. ಅಟ್ಟದ ಮೂಲೆಯಲ್ಲಿ ಬಿದ್ದಿದ್ದ, ಮುಂದಿನ ಮನೆ ಬದಲಾವಣೆಯಲ್ಲಿ ಗುಜರಿಗೆ ಹೋಗಲಿದ್ದ ಮರ್ಫಿ, ಬುಷ್, ಫಿಲಿಪ್ಸ್, ಎಚ್‌ಎಂವಿಗಳನ್ನು ತಾವು ಊರೂರು ತಿರುಗಿ ಹುಡುಕಿದಿರಿ. ಮನೆಯವರಿಗೇ ಬೇಡವಾಗಿದ್ದಕ್ಕೆ ಬೆಲೆ ಕೊಟ್ಟಿರಿ. ಇದನ್ನು ಮನಸಾರೆ ಒಪ್ಪುತ್ತೇನೆ. ಗುಜರಿಯ ತಕ್ಕಡಿಯಿಂದ ಅವುಗಳನ್ನು ತಪ್ಪಿಸಿದ ಪುಣ್ಯ ತಮ್ಮದು. ಆಮೇಲೆ ಪೆಟ್ಟಿಗೆಯನ್ನು ಇಟ್ಟುಕೊಂಡು, ರೇಡಿಯೋವನ್ನು ಅದೇ ತಕ್ಕಡಿಗೆ ಕಳಿಸಿಕೊಟ್ಟದ್ದೂ ತಾವೇ ಎಂಬುದನ್ನು ವಿನಯದಿಂದ ಜ್ಞಾಪಿಸಬೇಕಾಗಿದೆ.

ಹಿಂಬದಿಯ ರಟ್ಟು ತೆಗೆದು, ಗುಂಡಿಗಳನ್ನು ಕಳಚಿ, ಅಡಿಯ ತಿರುಪು ಬಿಚ್ಚಿ ತಾವು ಹೊರಗೆಳೆಯುವ ಆ ತಗಡಿನ ಚಾಸಿ ಇದೆಯಲ್ಲ, ರೇಡಿಯೋ ಎಂದರೆ ಅದು. ಮರದ ಪೆಟ್ಟಿಗೆ ಅದರ ಮನೆ ಅಷ್ಟೆ. ತಮ್ಮಂಥ ಸಹೃದಯರಿಗೆ ಒಂದು ಗಳಿಗೆ ಅದನ್ನು ನೋಡುವ ವ್ಯವಧಾನ ಇದ್ದಿದ್ದರೆ ಎಂದು ಆಸೆಪಡುತ್ತೇನೆ. ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612 ಕಿಲೋಹರ್ಟ್ಸ್‌ನಲ್ಲಿದೆ. ಮುಳ್ಳು ಅಲ್ಲಿಗೆ ಬಂದಾಗ, ಇಸಿಎಚ್81 ಎಂಬ ವಾಲ್ವಿನ ಒಂದು ಭಾಗ ತಾನೇ 1067 ಕಿಲೋಹರ್ಟ್ಸ್‌ನ ಇನ್ನೊಂದು ಕಂಪನವನ್ನು ಹುಟ್ಟಿಸುತ್ತದೆ. ಇನ್ನೊಂದು ಭಾಗ ಎರಡನ್ನೂ ಬೆರೆಸುತ್ತದೆ. ವ್ಯತ್ಯಾಸ 455. ಮುಳ್ಳು ಧಾರವಾಡದ 765ಕ್ಕೆ ಸರಿದರೆ ಒಳಗಿನ ಕಂಪನವೂ 1220ಕ್ಕೆ ಏರುತ್ತದೆ, ವ್ಯತ್ಯಾಸ ಮತ್ತೆ 455. ಗ್ಯಾಂಗ್ ಕಂಡೆನ್ಸರಿನ ಎರಡು ಸಾಲು ಅಲ್ಯುಮಿನಿಯಂ ರೆಕ್ಕೆಗಳು ಒಂದೇ ದಂಡದ ಮೇಲೆ ಜೊತೆಯಾಗಿ ತಿರುಗುತ್ತ ಈ ಅಂತರವನ್ನು ಡಯಲ್ಲಿನ ಉದ್ದಕ್ಕೂ ಕಾಯುತ್ತವೆ. ಎಲ್ಲಿಂದ ಬಂದ ದನಿಯೇ ಆಗಲಿ, ಅದನ್ನು ಒಂದೇ ಕಂಪನಾಂಕಕ್ಕೆ ಇಳಿಸಿಕೊಂಡು, ಅಲ್ಲಿ ಸೋಸಿ, ಹಿಗ್ಗಿಸಿ ಕೇಳಿಸುವ ಈ ಉಪಾಯವನ್ನು ಎಡ್ವಿನ್ ಆರ್ಮ್‌ಸ್ಟ್ರಾಂಗ್ 1918ರಲ್ಲಿ ಕಂಡುಕೊಂಡ. ಐದಾರು ಗಾಜಿನ ಬುರುಡೆಗಳು, ಕೆಲವು ತಾಮ್ರದ ಸುರುಳಿಗಳು, ಒಂದು ಹಿಡಿ ಕಂಡೆನ್ಸರುಗಳಲ್ಲಿ ಈ ಕೆಲಸವೆಲ್ಲ ನಡೆಯುತ್ತಿತ್ತು. ಮೇಲಿನಿಂದ ಬಗ್ಗಿ ನೋಡಿದರೆ ಪೂರ್ತಿ ಕಾಣುತ್ತದೆ, ಬೆರಳಿಟ್ಟು ತೋರಿಸಿ ಮಗುವಿಗೂ ಹೇಳಿಕೊಡಬಹುದು. ಇದನ್ನು ತೆಗೆದು ತಾವು ಕೂರಿಸುವ ಬೋರ್ಡು ಬೆಂಕಿಪೊಟ್ಟಣದಷ್ಟಿದೆ. ಅದು ಮೊಬೈಲಿನಲ್ಲಿ ಇರುವುದನ್ನು ನುಡಿಸುತ್ತದೆ. ತಂಬೂರಿಯ ಬುರುಡೆಯೊಳಗೆ ಮೊಬೈಲ್ ಇಟ್ಟು ಶ್ರುತಿ ಹಿಡಿದ ಹಾಗೆ.

ಆ ವಾಲ್ವುಗಳ ಮೈಮೇಲಿನ ಅಚ್ಚನ್ನು ತಾವು ಓದಿರಬಹುದೇ? ಫಿಲಿಪ್ಸ್ ಇರುತ್ತದೆ, ಮುಲ್ಲಾರ್ಡ್ ಇರುತ್ತದೆ. ಅನೇಕವುಗಳ ಮೇಲೆ ಬಿಇಎಲ್ ಎಂದಿರುತ್ತದೆ. 1954ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭಿಸಿತು. 1964ರಲ್ಲಿ ಆಕಾಶವಾಣಿಗೆ ಬೇಕಾದ ಟ್ರಾನ್ಸ್‌ಮಿಟರುಗಳನ್ನೂ ಮಾಡತೊಡಗಿತು. ಕಳಿಸುವ ಯಂತ್ರವೂ ಕೇಳುವ ವಾಲ್ವೂ ಬೆಂಗಳೂರಿನ ಜಾಲಹಳ್ಳಿಯ ಅದೇ ಕಾರ್ಖಾನೆಯವು. ಗಾಜು ಊದಿ, ಕೂದಲೆಳೆಯಂಥ ತಂತಿ ಸುತ್ತಿ, ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು ಮೊಹರು ಹಾಕಿದ ಆ ಕೆಲಸಗಾರರ ಕೈಯ ವಸ್ತು ಇವತ್ತಿಗೂ ಕಾದು ಕೆಂಪಾಗಿ ನುಡಿಯಬಲ್ಲದು. ತಾವು ಅವುಗಳಲ್ಲಿ ಔಟ್‌ಪುಟ್ ವಾಲ್ವಾದ ಇಎಲ್84ನ್ನು ಮಾತ್ರ ಜೋಪಾನವಾಗಿ ಕಳಚಿ, ಹೊಸ ಆಂಪ್ಲಿಫೈಯರ್ ಕಟ್ಟುವವರಿಗೆ ಒಳ್ಳೆಯ ಬೆಲೆಗೆ ಮಾರುತ್ತೀರಿ. ಒಂದನ್ನಾದರೂ ಉಳಿಸಿದ್ದಕ್ಕೆ ಋಣಿ. ಜೊತೆಗಿದ್ದ ಉಳಿದವು ಕಸದ ಬುಟ್ಟಿಗೆ ಬಿದ್ದು ಒಡೆದವು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ತಾಮ್ರ ಕಿಲೋ ಲೆಕ್ಕದಲ್ಲಿ ಹೋಯಿತು. ಅದೇ ಟ್ರಾನ್ಸ್‌ಫಾರ್ಮರು ಸುಟ್ಟುಹೋದ ಕಾರಣಕ್ಕೆ ಇನ್ನೊಂದು ಊರಿನಲ್ಲಿ ಇನ್ನೊಂದು ರೇಡಿಯೋ ಮೂಕವಾಗಿ ಕೂತಿದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿದರೂ ಸರಿಹೊಂದುವ ಹಳೆಯ ಟ್ರಾನ್ಸ್‌ಫಾರ್ಮರು ಸಿಗುವುದು ಅಪರೂಪ.

ಇನ್ನು ಡಯಲ್ ಗಾಜು. ಗಿರಾಕಿಗೆ ಒಪ್ಪವಾಗಿ ಕಾಣಲಿ ಎಂಬ ಸದ್ಭಾವದಿಂದ ತಾವು ಅದಕ್ಕೆ ಗಾಜು ಒರೆಸುವ ದ್ರವ ಚಿಮುಕಿಸಿ ಎರಡೂ ಬದಿ ಉಜ್ಜುತ್ತೀರಿ. ಅಕ್ಷರಗಳು ಗಾಜಿನ ಹಿಂಬದಿಯಲ್ಲಿ ಬಣ್ಣದಲ್ಲಿ ಅಚ್ಚಾಗಿರುತ್ತವೆ. ದಶಕಗಳ ಮೇಲೆ ಆ ಬಣ್ಣದ ಹಿಡಿತ ಸಡಿಲವಾಗಿರುತ್ತದೆ, ಒದ್ದೆ ಬಟ್ಟೆ ತಾಗಿದರೆ ಸಾಕು, ಕಳಚಿ ಬರುತ್ತದೆ. ಹೀಗೆ ತಮ್ಮ ಒಂದು ಒರೆಸಿಗೆ ಡೆಲ್ಲಿ ಹೋಯಿತು, ಬಾಂಬೆ ಹೋಯಿತು, 31 ಮೀಟರ್ ಬ್ಯಾಂಡು ಹೋಯಿತು, ಕೊಲಂಬೊ ಹೋಯಿತು. ಸಿಲೋನ್ ಸ್ಟೇಷನ್ನಿಗಾಗಿ ಬುಧವಾರದ ರಾತ್ರಿ ಬಿನಾಕಾ ಗೀತ್‌ಮಾಲಾ ಹೊತ್ತಿಗೆ ಮನೆಯವರೆಲ್ಲ ಆ ಗೆರೆಯ ಮೇಲೆ ಮುಳ್ಳು ನಿಲ್ಲಿಸಲು ತಿಣುಕುತ್ತಿದ್ದರು. ಧೂಳನ್ನು ಮೆತ್ತನೆಯ ಒಣ ಕುಂಚದಿಂದ ಹಿಂಬದಿಯಲ್ಲಿ ಸವರಿ, ಮುಂಬದಿಯನ್ನಷ್ಟೇ ಒರೆಸಬೇಕು. ತಮ್ಮ ಅಮೂಲ್ಯ ಸಮಯದಲ್ಲಿ ಇದಕ್ಕೆ ಹತ್ತು ನಿಮಿಷ ಒದಗಿಸಿಕೊಡಬೇಕೆಂದು ಕೈಮುಗಿದು ಕೇಳುತ್ತೇನೆ. ಅಳಿಸಿಹೋದ ಡಯಲನ್ನು ಮತ್ತೆ ಮೊದಲಿನಂತೆ ಅಚ್ಚು ಮಾಡುವುದು ಬಹಳ ಕಷ್ಟ.

ಪೆಟ್ಟಿಗೆಯ ವಿಷಯದಲ್ಲಿ ತಮ್ಮ ಕಾಳಜಿ ದೊಡ್ಡದು, ಹಾಗಾಗಿ ಹೆಚ್ಚು ಹೇಳಲಾರೆ. ಮೇಲಿನ ಹೊದಿಕೆಯ ಮರ ಕಾಗದದಷ್ಟೇ ತೆಳುವಾಗಿರುವುದರಿಂದ ಉಜ್ಜುವ ಯಂತ್ರ ತಾಗಿಸಬೇಡಿ. ಬೇಕಲೈಟ್ ಪೆಟ್ಟಿಗೆಗೆ ಕಾಫಿ ಹೋಟೆಲಿನ ಗೋಡೆಗೆ ಹೊಂದುವ ಗುಲಾಬಿ ಬಣ್ಣ ಸಿಂಪಡಿಸಬೇಡಿ. ಒಮ್ಮೆ ಗಟ್ಟಿಯಾದ ಬೇಕಲೈಟು ಮತ್ತೆ ಕರಗುವುದಿಲ್ಲ, ಅದಕ್ಕೆ ತೂತು ಕೊರೆದರೆ ತೂತು ಶಾಶ್ವತ.

ಸ್ಪೀಕರಿಗೆ ತಾವು ತೋರಿದ ಕೃಪೆಯನ್ನು ಮಾತ್ರ ಬಿಡಿಸಿ ಹೇಳಲೇಬೇಕು. ಎಂಟು ಇಂಚಿನ ಕಾಗದದ ಕೋನಿನಲ್ಲಿ ಸಣ್ಣ ಹರುಕು ಕಂಡರೆ ಇಡೀ ಸ್ಪೀಕರನ್ನೇ ತೆಗೆದು, ಅಂಗೈ ಅಗಲದ ಎರಡು ಹೊಸ ಸ್ಪೀಕರ್ ಜೋಡಿಸುತ್ತೀರಿ. ಆ ಹರುಕಿಗೆ ತೆಳ್ಳನೆಯ ಟಿಶ್ಯೂ ಕಾಗದದ ಒಂದು ತುಂಡು, ನೀರು ಬೆರೆಸಿ ತೆಳುಮಾಡಿದ ಬಿಳಿ ಅಂಟು, ಒಂದು ರಾತ್ರಿಯ ಒಣಗು ಸಾಕಾಗಿತ್ತು. ದನಿ ಕೆರೆಯುತ್ತಿದ್ದರೆ ಅಯಸ್ಕಾಂತದ ಸಂದಿಯಲ್ಲಿ ಕಬ್ಬಿಣದ ಪುಡಿ ಸೇರಿರುತ್ತದೆ, ಅಥವಾ ವಾಯ್ಸ್ ಕಾಯಿಲ್ ನಡುವಿನಿಂದ ಜರುಗಿರುತ್ತದೆ. ಎರಡಕ್ಕೂ ತಾಳ್ಮೆಯ ಮದ್ದುಂಟು. ಇನ್ನೂ ಹಳೆಯ, ಮೂವತ್ತರ ದಶಕದ ಸೆಟ್ಟುಗಳಲ್ಲಿ ಸ್ಪೀಕರಿನ ಹಿಂದೆ ಕಾಯಂ ಅಯಸ್ಕಾಂತದ ಬದಲು ಫೀಲ್ಡ್ ಕಾಯಿಲ್ ಇರುತ್ತದೆ. ಸ್ಪೀಕರಿಗೆ ಅಯಸ್ಕಾಂತದ ಬಲ ಕೊಡುವುದೂ ಅದೇ, ವಾಲ್ವುಗಳಿಗೆ ಹೋಗುವ ಕರೆಂಟಿನ ಗುಂಯ್‌ಗುಟ್ಟುವಿಕೆಯನ್ನು ತಣಿಸುವುದೂ ಅದೇ. ಅಂಥದ್ದನ್ನು ಕಿತ್ತರೆ ರೇಡಿಯೋದ ಜೀವವೇ ನಿಲ್ಲುತ್ತದೆ. ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಲೋಕಕ್ಕೆ ತೋರಿಸಿದ ಸುರುಳಿ-ಕೋನಿನ ತತ್ತ್ವದ ಮೇಲೆಯೇ ತಮ್ಮ ಹೊಸ ಸ್ಪೀಕರೂ ನಡೆಯುತ್ತದೆ. ಆ ದೊಡ್ಡ ಕೋನು, ಆ ಅಗಲದ ಪೆಟ್ಟಿಗೆ, ಒಂದೇ ಇಎಲ್84 ಕೊಡುವ ನಾಲ್ಕೈದು ವ್ಯಾಟ್ ಮೂರೂ ಸೇರಿ ವಾರ್ತೆ ಓದುವವರ ಗಂಟಲಿಗೆ ಕೊಡುತ್ತಿದ್ದ ತುಂಬುತನ ಈ ಪುಟ್ಟ ಸ್ಪೀಕರುಗಳಲ್ಲಿಲ್ಲ. ಒಮ್ಮೆ ಪಕ್ಕಪಕ್ಕದಲ್ಲಿ ಇಟ್ಟು ಕೇಳುವ ಅನುಗ್ರಹ ಮಾಡಿ.

'ಏನು ಮಾಡೋಣ ಸ್ವಾಮಿ, ರಿಪೇರಿಯಾಗದ ಕೇಸು' ಎಂದು ತಾವು ಅಪ್ಪಣೆ ಕೊಡಿಸುವುದುಂಟು. ತಮ್ಮ ಮಾತಿಗೆ ಎದುರಾಡುವ ಧಾರ್ಷ್ಟ್ಯವನ್ನು ಕ್ಷಮಿಸಬೇಕು. ಅರ್ಧ ಶತಮಾನದಿಂದ ಮಲಗಿದ್ದ ಸೆಟ್ಟಿನಲ್ಲಿ ಕೆಟ್ಟಿರುವುದು ಬಹುಪಾಲು ಕಂಡೆನ್ಸರುಗಳು. ಮೇಣ ಬಳಿದ ಕಾಗದದ ಕಂಡೆನ್ಸರುಗಳು ತೇವ ಹೀರಿ ಸೋರತೊಡಗಿರುತ್ತವೆ. ವಿದ್ಯುತ್ತನ್ನು ಸೋಸುವ ಎಲೆಕ್ಟ್ರೋಲಿಟಿಕ್‌ಗಳು ಒಣಗಿರುತ್ತವೆ. ಎಲ್ಲಕ್ಕಿಂತ ಕೇಡಿನದು ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ಬರುವ ಒಂದು ಪುಟ್ಟ ಕಪ್ಲಿಂಗ್ ಕಂಡೆನ್ಸರ್. ಅದು ಸೋರಿದರೆ ಗ್ರಿಡ್ಡಿಗೆ ಪಾಸಿಟಿವ್ ಸೇರಿ, ವಾಲ್ವು ಮಿತಿಮೀರಿ ಕರೆಂಟು ಎಳೆದು, ತಾನೂ ಕೆಟ್ಟು ಟ್ರಾನ್ಸ್‌ಫಾರ್ಮರನ್ನೂ ಸುಡುತ್ತದೆ. 630 ವೋಲ್ಟಿನ ಹೊಸ ಪಾಲಿಯೆಸ್ಟರ್ ಕಂಡೆನ್ಸರಿಗೆ ಕೆಲವೇ ರೂಪಾಯಿ. ಹಾಗೆಂದು ಅಟ್ಟದಿಂದ ಇಳಿಸಿದ ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಚುಚ್ಚಿ 'ನೋಡಿ, ಹೊಗೆ ಬಂತು' ಎನ್ನುವುದು ಪರೀಕ್ಷೆಯಲ್ಲ. ಮೊದಲು ಇವನ್ನು ಬದಲಿಸಿ, ಮೇನ್ಸಿನ ವೈರು ಸವೆದಿದ್ದರೆ ಅದನ್ನೂ ಬದಲಿಸಿ, ಬಲ್ಬೊಂದನ್ನು ಸೀರೀಸ್‌ನಲ್ಲಿ ಹಾಕಿ ಕರೆಂಟು ಕೊಡಬೇಕು. ಎಲ್ಲೋ ಶಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿದು ಸೆಟ್ಟನ್ನು ಕಾಪಾಡುತ್ತದೆ.

ಶಾಕ್ ಹೊಡೆದೀತೆಂಬ ತಮ್ಮ ಭಯಕ್ಕೆ ಮಾತ್ರ ನನ್ನ ಪೂರ್ಣ ಗೌರವವಿದೆ. ಒಳಗೆ ಇನ್ನೂರು ಮುನ್ನೂರು ವೋಲ್ಟು ಓಡಾಡುತ್ತಿರುತ್ತದೆ, ಸ್ವಿಚ್ ಆರಿಸಿದ ಮೇಲೂ ದೊಡ್ಡ ಕಂಡೆನ್ಸರಿನಲ್ಲಿ ಅದು ಕೂತಿರುತ್ತದೆ. ಯುಸಿಎಚ್81, ಯುಎಲ್84 ಹೀಗೆ 'ಯು' ಅಕ್ಷರದ ವಾಲ್ವುಗಳಿರುವ ಎಸಿ-ಡಿಸಿ ಸೆಟ್ಟುಗಳಲ್ಲಿ ಟ್ರಾನ್ಸ್‌ಫಾರ್ಮರಿನ ರಕ್ಷಣೆಯಿಲ್ಲದೆ ಚಾಸಿಯೇ ಮೇನ್ಸಿನ ಒಂದು ತಂತಿಗೆ ಅಂಟಿಕೊಂಡಿರುತ್ತದೆ. ಗೊತ್ತಿಲ್ಲದವರು ಕೈ ಹಾಕಬಾರದು, ನಿಜ. ಗೊತ್ತಿರುವ ಹಿರಿಯರು ಇದ್ದಾರೆ. ರೇಡಿಯೋ ರಿಪೇರಿ ಎಂಬ ಬೋರ್ಡು ಮಾಸಿ, ಈಗ ಮಿಕ್ಸಿ, ಚಾರ್ಜರ್ ಸರಿಮಾಡುತ್ತ ಕೂತಿರುವ ಅವರ ಮುಂದೆ ಒಂದು ಚಾಸಿ ಇಟ್ಟು ನೋಡಿ. ಹಳೆಯ ಸೆಟ್ಟುಗಳ ಒಳಮೈಯಲ್ಲಿ ಪೆನ್ಸಿಲ್ಲಿನಲ್ಲಿ ತಾರೀಖು, ಬದಲಿಸಿದ ವಾಲ್ವಿನ ಹೆಸರು ಬರೆದಿರುತ್ತಾರಲ್ಲ, ಅಂಥವರು ಅವರು. ಆ ಬರಹವನ್ನೂ ತಾವು ಉಜ್ಜಿ ಅಳಿಸಿದಿರಿ. ಅಂಚೆ ಕಚೇರಿಯ ಮುದ್ರೆ ಬಿದ್ದ ರೇಡಿಯೋ ಲೈಸೆನ್ಸಿನ ಪುಸ್ತಕ ಪೆಟ್ಟಿಗೆಯಲ್ಲಿ ಸಿಕ್ಕರೆ ಅದೂ ರದ್ದಿಗೆ ಹೋಯಿತು.

ನಮ್ಮ ನಾಡಿನಲ್ಲಿ ಬಾನುಲಿ ಶುರುವಾದದ್ದು ಒಬ್ಬರ ಮನೆಯ ಕೋಣೆಯಲ್ಲಿ ಎಂಬುದು ತಮಗೆ ತಿಳಿಯದ್ದೇನಲ್ಲ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆ ವಿಠಲ ವಿಹಾರದಿಂದ ಕೇವಲ 30 ವ್ಯಾಟಿನ ಟ್ರಾನ್ಸ್‌ಮಿಟರಿನಲ್ಲಿ ಪ್ರಸಾರ ಆರಂಭಿಸಿದರು. ಕೈಯಿಂದ ಖರ್ಚು ಮಾಡಿ, ಆಸೆಯಿಂದ ಮಾಡಿದ ಕೆಲಸ ಅದು. ಮುಂದೆ 1950ರಲ್ಲಿ ಧಾರವಾಡ ಕೇಂದ್ರ ಬಂತು, 1955ರಲ್ಲಿ ಬೆಂಗಳೂರು ಬಂತು. ಆ ದನಿಗಳು ಬಂದಿಳಿಯುತ್ತಿದ್ದದ್ದು ತಾವು ಟೊಳ್ಳು ಮಾಡುತ್ತಿರುವ ಇದೇ ಪೆಟ್ಟಿಗೆಗಳಲ್ಲಿ. ಕರೆಂಟಿಲ್ಲದ ಹಳ್ಳಿಗಳಿಗೆಂದು 90 ವೋಲ್ಟಿನ ದಪ್ಪ ಬ್ಯಾಟರಿಯಲ್ಲಿ ನಡೆಯುವ ವಾಲ್ವ್ ಸೆಟ್ಟುಗಳೂ ಇದ್ದವು. ಅವು ಈಗ ಎಷ್ಟು ವಿರಳವೆಂದರೆ, ಅಂಥದ್ದೊಂದರ ಒಳಗೆ ದೀಪದ ಸರ ತುಂಬಿ ಮದುವೆ ಮಂಟಪದ ಅಲಂಕಾರಕ್ಕೆ ಇಟ್ಟಿದ್ದನ್ನು ಕಂಡಾಗ ನನಗೆ ಊಟ ಸೇರಲಿಲ್ಲ.

ತಮ್ಮ ವ್ಯಾಪಾರಕ್ಕೆ ಅಡ್ಡ ಬರುವ ಇಚ್ಛೆ ನನಗಿಲ್ಲ. ಮೊಬೈಲಿನ ಹಾಡು ಹಳೆಯ ರೇಡಿಯೋದಲ್ಲಿ ಕೇಳಬೇಕೆಂಬ ಗಿರಾಕಿಯ ಆಸೆ ತಪ್ಪೂ ಅಲ್ಲ. ಅದಕ್ಕೆ ಬಾಗಿಲು ಮೊದಲೇ ಇದೆ. ಎಷ್ಟೋ ಸೆಟ್ಟುಗಳ ಹಿಂಬದಿಯಲ್ಲಿ, ಏರಿಯಲ್ ಮತ್ತು ಅರ್ಥ್ ತೂತುಗಳ ಹತ್ತಿರ, ಗ್ರಾಮಫೋನ್ ಪಿಕ್‌ಅಪ್ ಜೋಡಿಸಲೆಂದು ಇನ್ನೆರಡು ತೂತುಗಳಿರುತ್ತವೆ. ತಮ್ಮ ಬ್ಲೂಟೂತ್ ಬೋರ್ಡಿನ ದನಿಯನ್ನು ಅಲ್ಲಿಗೆ ಕೊಟ್ಟರೆ ಅದೇ ವಾಲ್ವು, ಅದೇ ಸ್ಪೀಕರ್ ಅದನ್ನು ನುಡಿಸುತ್ತವೆ. ಎಸಿ-ಡಿಸಿ ಸೆಟ್ಟಾದರೆ ನಡುವೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕಡ್ಡಾಯವಾಗಿ ಇರಲಿ. ಒಂದು ತೂತೂ ಕೊರೆಯಬೇಕಿಲ್ಲ, ಒಂದು ತಂತಿಯೂ ಕತ್ತರಿಸಬೇಕಿಲ್ಲ. ಬೇಡವಾದ ದಿನ ಬೋರ್ಡನ್ನು ಕಳಚಿದರೆ 612 ಇದ್ದಲ್ಲೇ ಇರುತ್ತದೆ. ಬೋರ್ಡಿಗೆ ಅಗ್ಗದ ಅಡಾಪ್ಟರ್ ಮಾತ್ರ ಬೇಡ. ಅದರ ಗರಗರ ಮೀಡಿಯಂ ವೇವಿನ ತುಂಬ ಹರಡಿ ಪಕ್ಕದ ಮನೆಯ ರೇಡಿಯೋವನ್ನೂ ಕೆಡಿಸುತ್ತದೆ.

ಅದೂ ಆಗದಿದ್ದರೆ ಇಷ್ಟಾದರೂ ನಡೆಸಿಕೊಡಿ. ತಿರುಪು ಬಿಚ್ಚಿದ ಚಾಸಿಯನ್ನು ಬಗ್ಗಿಸದೆ, ವಾಲ್ವುಗಳನ್ನು ಅವುಗಳ ಜಾಗದಲ್ಲೇ ಬಿಟ್ಟು, ಗುಂಡಿ, ಹಿಂಬದಿಯ ರಟ್ಟು, ಸ್ಪೀಕರ್ ಸಮೇತ ಒಂದು ಪೆಟ್ಟಿಗೆಯಲ್ಲಿಡಿ. ಮಾಡೆಲ್ ನಂಬರು ರಟ್ಟಿನ ಮೇಲಿರುತ್ತದೆ, ಅದನ್ನು ಹರಿಯಬೇಡಿ. ಗುಜರಿಯವರು ಕೊಡುವ ಬೆಲೆಗಿಂತ ಹೆಚ್ಚನ್ನೇ ಕೊಡಲು ನನ್ನಂಥ ಹವ್ಯಾಸಿಗಳು ಊರೂರಲ್ಲಿ ಸಿದ್ಧರಿದ್ದಾರೆ. ಸಾಗಿಸುವ ಖರ್ಚೂ ನಮ್ಮದೇ. ತಮ್ಮ ಅಂಗಡಿಯ ಹಿಂದೆ ಮಳೆಗೆ ನೆನೆಯುತ್ತ ಬಿದ್ದಿರುವ ರಾಶಿಯಿಂದಲೇ ಇದನ್ನು ಆರಂಭಿಸಬಹುದು. ಮುಂಗಾರು ಬರುವುದರೊಳಗೆ ಅವನ್ನೊಮ್ಮೆ ಒಳಗೆತ್ತಿಡಿಸಿ, ಹೇಳಿ ಕಳಿಸಿ.

ಇಂತಿ ತಮ್ಮ ವಿಧೇಯ,
ಹಳೆಯ ರೇಡಿಯೋಗಳ ಹವ್ಯಾಸಿ