ರೊಟ್ಟಿ ದೊಡ್ಡಪ್ಪ

ಸಕಲೇಶಪುರ, ಆಲೂರು ಸೀಮೆಯ ತೋಟದ ಮನೆಗಳಲ್ಲಿ ಅಡುಗೆಮನೆ ಬಾಗಿಲಿಗೆ ಅಡ್ಡವಾಗಿ ಒಂದು ಬೆತ್ತದ ಕುರ್ಚಿ ಇರುತ್ತದೆ. ಒಳಗೆ ಹೋಗುವವರಿಗೂ ಹೊರಗೆ ಬರುವವರಿಗೂ ಅದರಿಂದ ತೊಂದರೆಯೇ. ಆದರೂ ಯಾರೂ ಅದನ್ನು ಸರಿಸುವುದಿಲ್ಲ. ಅದರಲ್ಲಿ ರೊಟ್ಟಿ ದೊಡ್ಡಪ್ಪ ಕೂತಿರುತ್ತಾರೆ. ತಲೆಗೆ ಮಂಕಿ ಟೋಪಿ, ಮೈಗೆ ತೋಳಿಲ್ಲದ ಸ್ವೆಟರು, ಕೈಯಲ್ಲಿ ಕಾಫಿ ಲೋಟ. ಬೆಳಗ್ಗೆ ಏಳೂವರೆಗೆ ಕೂತರೆ ಕೊನೆಯ ರೊಟ್ಟಿ ಕಾವಲಿಯಿಂದ ಇಳಿಯುವ ತನಕ ಅಲುಗುವುದಿಲ್ಲ. ಹುಟ್ಟಿದಂದಿನಿಂದ ಅವರು ಒಂದೇ ಒಂದು ರೊಟ್ಟಿ ಮಾಡಿದವರಲ್ಲ. ಅಕ್ಕಿ ರೊಟ್ಟಿಯ ವಿಚಾರದಲ್ಲಿ ಕೊನೆಯ ಮಾತು ಮಾತ್ರ ಅವರದೇ.

ಇವರು ಒಂದು ಮನೆಯ ಆಸ್ತಿಯಲ್ಲ. ಹಾನುಬಾಳಿನಲ್ಲಿ ಒಬ್ಬರಿದ್ದಾರೆ, ಹೆತ್ತೂರಿನಲ್ಲಿ ಒಬ್ಬರು, ಮಗ್ಗೆಯಲ್ಲಿ ಒಬ್ಬರು, ಕೆಂಚಮ್ಮನ ಹೊಸಕೋಟೆ ಕಡೆ ಅಣ್ಣತಮ್ಮಂದಿರೇ ಇಬ್ಬರು. ಕೆಲವು ಮನೆಗಳಲ್ಲಿ ಮಾವ ಎನ್ನುತ್ತಾರೆ, ಕೆಲವು ಕಡೆ ಅಜ್ಜಯ್ಯ. ಕುರ್ಚಿ ಮಾತ್ರ ಎಲ್ಲ ಕಡೆಯೂ ಬಾಗಿಲಿಗೇ.

ದೊಡ್ಡಪ್ಪನ ಪ್ರಕಾರ ಲೋಕದಲ್ಲಿ ರೊಟ್ಟಿ ಎಂದರೆ ಒಂದೇ. ಉಪ್ಪು ಹಾಕಿ ಕುದಿಸಿದ ನೀರಿಗೆ ಅಕ್ಕಿ ಹಿಟ್ಟು ಸುರಿದು, ಬೇಯಿಸಿ, ರಾತ್ರಿ ಉಳಿದ ಒಂದು ಹಿಡಿ ಅನ್ನವನ್ನೂ ಸೇರಿಸಿ, ಕೈ ಸುಡುವಾಗಲೇ ನಾದಿ, ತೆಳ್ಳಗೆ ಲಟ್ಟಿಸಿ, ಕಾವಲಿಯಲ್ಲಿ ಎರಡೂ ಮಗ್ಗುಲು ಬಾಡಿಸಿ, ಕೆಂಡದ ಮೇಲೆ ಉಬ್ಬಿಸಿದ್ದು. ಮಿಕ್ಕಿದ್ದೆಲ್ಲ ಬೇರೆ ತಿಂಡಿ. ಬೆಂಗಳೂರಿನ ಕಡೆ ಈರುಳ್ಳಿ, ಸಬ್ಬಸಿಗೆ, ಕ್ಯಾರೆಟ್ಟು ಎಲ್ಲ ಹಾಕಿ ಬಾಣಲೆಗೆ ತಟ್ಟುತ್ತಾರಲ್ಲ, ಅದನ್ನು ಅವರು ಹೆಸರು ಹಿಡಿದು ಕರೆಯುವುದೂ ಇಲ್ಲ. ಶಿರಾಡಿ ಘಾಟಿ ಇಳಿದರೆ ಸಿಗುವ ಕೋರಿ ರೊಟ್ಟಿಗೆ ಒಂದೇ ಮಾತು: “ಹಪ್ಪಳ ಮಾರಾಯ ಅದು.” ಉತ್ತರ ಕರ್ನಾಟಕದ ಜೋಳದ ರೊಟ್ಟಿಯ ಬಗ್ಗೆ ಮಾತ್ರ ಸ್ವಲ್ಪ ಮರ್ಯಾದೆ ಉಂಟು. ಅಲ್ಲಿಯೂ ಬಡಿಯುವುದು ಹೆಂಗಸರು, ಕೂತು ಮಾತಾಡುವುದು ಗಂಡಸರು ಎಂದು ಯಾರೋ ಅವರಿಗೆ ಹೇಳಿದ್ದಾರೆ.

ಶಾಸ್ತ್ರ ಅಕ್ಕಿಯಿಂದಲೇ ಶುರು. ಹೊಸ ಅಕ್ಕಿ ಅಂಟು, ಹಳೆ ಅಕ್ಕಿ ನೀರು ಕುಡಿಯುತ್ತದೆ, ಕುಸುಬಲಕ್ಕಿ ಘಟ್ಟದ ಕೆಳಗಿನವರಿಗೆ. ರಾಜಮುಡಿ ಇದ್ದ ಕಾಲದ ರೊಟ್ಟಿಯ ಬಣ್ಣವೇ ಬೇರೆ, ಇಂಟಾನ್ ಬೆಳೆಯುತ್ತಿದ್ದಾಗ ಬಂದ ರೊಟ್ಟಿ ಸಂಜೆವರೆಗೂ ಮೆತ್ತಗಿರುತ್ತಿತ್ತು. “ಈಗ ಗದ್ದೆ ಎಲ್ಲಿದೆ?” ಎಂದು ಅವರು ಕೇಳುವ ಹೊತ್ತಿಗೆ ಕೇಳುವವರಿಗೆ ಮುಂದಿನದು ಗೊತ್ತಿರುತ್ತದೆ. ಮುಂದಿನದು ಆನೆ. ಗದ್ದೆಗೆ ಆನೆ ಬಂತು, ನಾಟಿಗೆ ಆಳು ಸಿಗಲಿಲ್ಲ, ಕೆಲವರು ಶುಂಠಿ ಹಾಕಿದರು, ಕೆಲವರು ಪಾಳು ಬಿಟ್ಟರು. ಹೈಕೋರ್ಟ್ ನೇಮಿಸಿದ್ದ ಆನೆ ಕಾರ್ಯಪಡೆ 2012ರಲ್ಲಿ ಆಲೂರು–ಸಕಲೇಶಪುರ ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ವರದಿ ಕೊಟ್ಟಿತು. ಆಮೇಲೆ 20ಕ್ಕೂ ಹೆಚ್ಚು ಆನೆ ಹಿಡಿದರು, ಸಾಗಿಸಿದರು. ಬೇರೆ ಆನೆಗಳು ಬಂದವು. ಇಷ್ಟೆಲ್ಲ ಹೇಳಿ ಮುಗಿಸಿ ತಟ್ಟೆಯ ಕಡೆ ಬೆರಳು ತೋರಿಸುತ್ತಾರೆ: “ಅದಕ್ಕೇ ನೋಡು, ಅಂಚು ಬಿರುಕು ಬಿಟ್ಟಿದೆ.” ಅಂಚು ಬಿರಿದದ್ದು ಹಿಟ್ಟು ಆರುವ ತನಕ ನಾದದೆ ಬಿಟ್ಟಿದ್ದಕ್ಕೆ. ನಾದುವ ಹೊತ್ತಿಗೆ ದೊಡ್ಡಮ್ಮನನ್ನು ಇನ್ನೊಂದು ಲೋಟ ಕಾಫಿಗೆ ಎಬ್ಬಿಸಿದವರು ಯಾರು ಎಂಬುದನ್ನು ಯಾವ ಕಾರ್ಯಪಡೆಯೂ ವಿಚಾರಿಸಿಲ್ಲ.

ಗಿರಣಿಗೆ ಮಾತ್ರ ಸ್ವತಃ ಹೋಗುತ್ತಾರೆ. ಅಕ್ಕಿ ಚೀಲವನ್ನು ಜೀಪಿನಿಂದ ಇಳಿಸದೆ ಮೊದಲು ವಿಚಾರಣೆ: “ನಮಗಿಂತ ಮುಂಚೆ ಎಂತ ಹಾಕಿದ್ದೆ?” ರಾಗಿ ಎಂದರೆ ಚೀಲ ಇಳಿಯುವುದಿಲ್ಲ. ಗೋಧಿ ಎಂದರೆ ಮುಖ ಕಿವಿಚುತ್ತಾರೆ. ಅಕ್ಕಿ ಎಂದರೆ ಯಾರ ಅಕ್ಕಿ, ಯಾವ ಅಕ್ಕಿ. ಗಿರಣಿಯವನು ಪಳಗಿದವನು. ಜೀಪಿನ ಸದ್ದು ಕೇಳಿದ ಕೂಡಲೇ ಅವನ ಮಟ್ಟಿಗೆ ಆ ದಿನವೆಲ್ಲ ಬೀಸಿದ್ದು ಅಕ್ಕಿಯೇ.

ಅಳತೆಯ ವಿಷಯದಲ್ಲಿ ದೊಡ್ಡಪ್ಪ ವಿಚಿತ್ರ. ಅಂಗಳದಲ್ಲಿ ಮಳೆಮಾಪಕ ಇಟ್ಟಿದ್ದಾರೆ. ದಿನಾ ಬೆಳಗ್ಗೆ ನೋಡಿ ಡೈರಿಗೆ ಬರೆದುಕೊಳ್ಳುತ್ತಾರೆ. ನಿನ್ನೆ ಎಷ್ಟು ಬಿತ್ತು ಎಂದು ಫೋನಿನಲ್ಲಿ ಕೇಳಿದರೆ “ಎರಡು ಇಂಚು ಇಪ್ಪತ್ತು ಸೆಂಟ್ಸ್” ಎನ್ನುತ್ತಾರೆ. ಸುಮಾರು ಎರಡು ಎಂದವನನ್ನು ಬೆಳೆಗಾರ ಎಂದು ಒಪ್ಪುವುದಿಲ್ಲ. ಇಂಥವರನ್ನು ಒಂದು ಲೋಟ ಹಿಟ್ಟಿಗೆ ನೀರೆಷ್ಟು ಎಂದು ಕೇಳಿ ನೋಡಿ. “ಅದು ಕೈ ಅಳತೆ ಕಣಪ್ಪ, ಹೇಳೋಕೆ ಬರಲ್ಲ.” ಒಳಗಿನಿಂದ ದೊಡ್ಡಮ್ಮ ಹೇಳುತ್ತಾರೆ: “ಒಂದಕ್ಕೆ ಒಂದು.” ಅವರು ಆ ದಿನ ಆಡುವ ದೀರ್ಘವಾದ ವಾಕ್ಯ ಬಹುಶಃ ಅದೇ.

ಕೆಂಡದ್ದು ಇನ್ನೊಂದು ರಾಮಾಯಣ. ಅಡುಗೆಮನೆಗೆ ಗ್ಯಾಸ್ ಬಂದು ಒಂದು ತಲೆಮಾರಾಯಿತು. ಆದರೂ ಬಚ್ಚಲುಮನೆಯ ಹಂಡೆ ಒಲೆಯಲ್ಲಿ ಸೌದೆ ಉರಿಯುತ್ತದಲ್ಲ, ಅಲ್ಲಿಂದ ಕೆಂಡ ತರಿಸುತ್ತಾರೆ. ಅದರಲ್ಲೂ ಕಾಫಿ ಬೊಡ್ಡೆಯ ಕೆಂಡ ಶ್ರೇಷ್ಠ, ಸಿಲ್ವರ್ ಓಕ್ ಬರೀ ಬೂದಿ. ಕೆಂಡ ಬಚ್ಚಲಿನಿಂದ ಅಡುಗೆಮನೆ ಸೇರುವಷ್ಟರಲ್ಲಿ ಅರ್ಧ ಆರಿರುತ್ತದೆ. ಸೊಸೆ ಅದನ್ನು ಮೂಲೆಗಿಟ್ಟು, ರೊಟ್ಟಿಯನ್ನು ಗ್ಯಾಸಿನ ಉರಿಯ ಮೇಲೆಯೇ ಹಿಡಿಯುತ್ತಾಳೆ. ರೊಟ್ಟಿ ಉಬ್ಬುತ್ತದೆ. ಕುರ್ಚಿಯಿಂದ ಒಲೆ ಕಾಣುವುದಿಲ್ಲ. ಕಾಣುವುದು ಉಬ್ಬಿದ ರೊಟ್ಟಿ ಮಾತ್ರ. “ನೋಡಿದ್ಯಾ, ಬೊಡ್ಡೆ ಕೆಂಡ!”

ರೊಟ್ಟಿ ಒತ್ತುವ ಮಣೆಗೆ ಆ ಮನೆಯಲ್ಲಿ ಪ್ರವೇಶವಿಲ್ಲ. ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಉಂಡೆ ಇಟ್ಟು ಹಿಡಿ ಅದುಮಿದರೆ ರೊಟ್ಟಿಯಾಗುತ್ತದೆ ಎಂಬುದೇ ಅವರಿಗೆ ಅವಮಾನ. ಹೋಮ್‌ಸ್ಟೇಗಳು ಹೆಚ್ಚಾಗಿದ್ದರಿಂದ ಬಂದ ರೋಗ ಅದು. ಶನಿವಾರ ಭಾನುವಾರ ಬೆಂಗಳೂರಿನ ಕಾರುಗಳು ಬಂದರೆ ನೂರಾರು ರೊಟ್ಟಿಗೆ ಲಟ್ಟಣಿಗೆ ಹಿಡಿದು ಕೂರುವವರು ಯಾರು? ದೊಡ್ಡಮ್ಮನ ಮಣೆ ಹುಣಸೆಹಣ್ಣಿನ ಭರಣಿಯ ಹಿಂದಿದೆ. ದೊಡ್ಡಪ್ಪ ಪೇಟೆಗೆ ಹೋದ ದಿನ ಅದು ಹೊರಗೆ ಬರುತ್ತದೆ. ಮಧ್ಯಾಹ್ನ ಬಂದು ಉಳಿದ ರೊಟ್ಟಿ ತಿಂದು ಅವರು ಕೊಡುವ ತೀರ್ಪು: “ಇವತ್ತು ಕೈ ಕೂತಿದೆ.”

ಇಂಥ ದೊಡ್ಡಪ್ಪನ ಎದುರಿಗೆ ಒಂದು ಡಿಸೆಂಬರಿನಲ್ಲಿ ಟೆಕ್ಸಾಸಿನಿಂದ ಟಾರ್ಟಿಯಾ ಬಂತು. ಅರೇಬಿಕಾ ಕುಯ್ಲಿನ ಸಮಯ, ಅವರೆಕಾಯಿ ಸಮಯ. ತಮ್ಮನ ಮಗ ಹೆಂಡತಿ ಮಕ್ಕಳ ಜೊತೆ ಊರಿಗೆ ಬಂದಿದ್ದ. ಅಲ್ಲಿ ನಮ್ಮವರ ಎಷ್ಟೋ ಮನೆಗಳಲ್ಲಿ ಅಂಗಡಿಯ ಟಾರ್ಟಿಯಾ ಪೊಟ್ಟಣವೇ ವಾರದ ದಿನಗಳ ಚಪಾತಿ. ಅವನ ಹೆಂಡತಿ, ಈ ಹುಡುಗಿ, ಒಂದು ಹೆಜ್ಜೆ ಮುಂದೆ, ಮನೆಯಲ್ಲೇ ಮಾಡಲು ಕಲಿತವಳು. ಮೈದಾ, ಉಪ್ಪು, ಚಿಟಿಕೆ ಬೇಕಿಂಗ್ ಪೌಡರ್, ಎಣ್ಣೆ, ಬೆಚ್ಚನೆ ನೀರು. ಕುರ್ಚಿ ತಕ್ಷಣ ಎಚ್ಚೆತ್ತಿತು.

“ಇದೆಂತದಮ್ಮ?”

“ಟಾರ್ಟಿಯಾ ಮಾವ. ಮೆಕ್ಸಿಕೋದವರ ರೊಟ್ಟಿ.”

“ಅವರಿಗೆ ಅಕ್ಕಿ ಇಲ್ವಾ?”

ಅವಳು ತಾಳ್ಮೆಯಿಂದ ಹೇಳಿದಳು. ಅಲ್ಲಿ ಮೂಲದಲ್ಲಿ ಇದು ಮುಸುಕಿನ ಜೋಳದ್ದು. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಸಿಪ್ಪೆ ತೊಳೆದು, ಹಸಿಯಾಗಿ ಅರೆದು ತಟ್ಟುತ್ತಾರೆ. ಸುಣ್ಣ ಹಾಕದಿದ್ದರೆ ಹಿಟ್ಟು ಒಟ್ಟುಗೂಡುವುದಿಲ್ಲ, ಜೋಳದಲ್ಲಿರುವ ಒಂದು ಜೀವಸತ್ವ ಮೈಗೆ ಹತ್ತುವುದಿಲ್ಲ. ದೊಡ್ಡಪ್ಪ ಗಂಭೀರವಾಗಿ ಕೇಳಿ ಹೇಳಿದರು: “ನಾವು ಮುಸುಕಿನ ಜೋಳ ಕೋಳಿಗೆ ಹಾಕ್ತೀವಿ. ಕೋಳಿ ರೊಟ್ಟಿ ಜೊತೆ ತಿಂತೀವಿ. ಸುತ್ತುಬಳಸು ಯಾಕೆ?” ಮೆಕ್ಸಿಕೋದ ಉತ್ತರಕ್ಕೆ ಹೋದರೆ ಸ್ಪೇನಿನವರು ತಂದ ಗೋಧಿ ಬೇರೂರಿತು, ಮೈದಾದ ಟಾರ್ಟಿಯಾ ಹುಟ್ಟಿದ್ದು ಅಲ್ಲಿಯೇ, ಅದಕ್ಕೆ ಎಣ್ಣೆಯಲ್ಲ, ಹಂದಿಯ ನೆಣ ಹಾಕಿ ನಾದುತ್ತಾರೆ ಎಂದಳು. ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟರು. ಹಂದಿ ನೆಣ ಎಂಬ ಮಾತು ಕೇಳಿದ ಮೇಲೆ ಮೆಕ್ಸಿಕೋದ ಬಗ್ಗೆ ಅವರ ಧೋರಣೆ ಸಾಕಷ್ಟು ಮೃದುವಾಯಿತು.

ಕಷ್ಟ ಬಂದದ್ದು ಹಿಟ್ಟು ಕಲಸಿಟ್ಟ ಮೇಲೆ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಬೇಕು ಎಂದು ಅವಳು ಕೈ ತೊಳೆದುಕೊಂಡು ಹೋದಳು. ಅಕ್ಕಿ ಹಿಟ್ಟಿಗೆ ಬಿಸಿ ಇರುವಾಗಲೇ ಕೈ ಹಾಕಬೇಕು. ಗೋಧಿಯಲ್ಲಿರುವ ಅಂಟು ಅದರಲ್ಲಿಲ್ಲ, ಕುದಿನೀರಿಗೆ ಬೆಂದ ಹಿಟ್ಟೇ ಅದಕ್ಕೆ ಅಂಟು. ಮೈದಾಕ್ಕೆ ಅಂಟು ಹೆಚ್ಚಾಗಿಯೇ ಇರುವುದರಿಂದ ಅದು ಸಡಿಲವಾಗುವ ತನಕ ಕಾಯಬೇಕು, ಇಲ್ಲವಾದರೆ ಲಟ್ಟಿಸಿದ್ದು ಲಟ್ಟಿಸಿದಷ್ಟೇ ವಾಪಸು ಮುದುರುತ್ತದೆ. ಯಾರೂ ಏನೂ ಮಾಡಬೇಕಿಲ್ಲದ ಹಿಟ್ಟನ್ನು ದೊಡ್ಡಪ್ಪ ಅದುವರೆಗೆ ನೋಡಿರಲಿಲ್ಲ. ಸಲಹೆ ಕೊಡಲು ಎದುರಿಗೆ ಒಬ್ಬರೂ ಇಲ್ಲ. ಹತ್ತು ನಿಮಿಷ ತಡೆದರು. ಆಮೇಲೆ ಕುರ್ಚಿಯಿಂದ ಎದ್ದರು, ಒಳಗೆ ಬಂದರು, ಬಟ್ಟೆ ಎತ್ತಿ ನೋಡಿದರು, ಬೆರಳಿನಿಂದ ಒತ್ತಿದರು. ದೊಡ್ಡಮ್ಮ ಅವರೆಕಾಯಿ ಸುಲಿಯುವುದು ಬಿಟ್ಟು ಗಂಡನನ್ನು ನೋಡಿದರು. ಆ ಹೊಸ್ತಿಲ ಒಳಗೆ ಅವರನ್ನು ಹಾಗೆ ನೋಡಿದ ನೆನಪು ಅವರಿಗಿರಲಿಲ್ಲ.

ಮೊದಲನೆಯ ಟಾರ್ಟಿಯಾ ಲಟ್ಟಿಸಿದ್ದು ದೊಡ್ಡಪ್ಪನ ಒತ್ತಾಯಕ್ಕೆ ಹದಿನೈದು ನಿಮಿಷಕ್ಕೇ. ಅದು ಮುದುರಿ, ಎಲ್ಲ ದಿಕ್ಕಿಗೂ ಮೂಲೆ ಚಾಚಿಕೊಂಡು ಕಾವಲಿಯ ಮೇಲೆ ಬಿತ್ತು. “ಸರಿಯಾಗಿದೆ ಬಿಡು, ಮಂಜರಾಬಾದ್ ಕೋಟೆ. ಟಿಪ್ಪು 1792ರಲ್ಲಿ ಎಂಟು ಮೂಲೆಗೆ ಕಟ್ಟಿಸಿದ, ನೀನು ಇವತ್ತು ಕಟ್ಟಿದೆ.” ಅವಸರ ಮಾಡಿದ್ದು ಯಾರು ಎಂದು ಹುಡುಗಿ ಕೇಳಲಿಲ್ಲ. ಟೆಕ್ಸಾಸಿನಲ್ಲಿದ್ದರೂ ಹಾಸನದ ಮನೆತನದಲ್ಲಿ ಬೆಳೆದವಳು.

ಎರಡನೆಯದು ದುಂಡಗೆ ಬಂತು. ಕಾವಲಿಯಲ್ಲಿ ಅಲ್ಲಲ್ಲಿ ಗುಳ್ಳೆ ಎದ್ದು, ಕಂದು ಚುಕ್ಕೆ ಬಿತ್ತು. “ಉಬ್ಬಿತಾ?” ಕುರ್ಚಿಯ ಪ್ರಶ್ನೆ. “ಇಷ್ಟೇ ಮಾವ, ಪೂರ್ತಿ ಉಬ್ಬಲೇಬೇಕು ಅಂತ ಇಲ್ಲ.” ಅವರಿಗೆ ಇದು ಸಹಿಸಲಾಗಲಿಲ್ಲ. ತಾವೇ ಬಚ್ಚಲಿಗೆ ಹೋಗಿ ಕೆಂಡ ತಂದರು, ಇಕ್ಕಳದಲ್ಲಿ ಟಾರ್ಟಿಯಾ ಹಿಡಿದು ಅದರ ಮೇಲಿಟ್ಟರು. ಅದು ಚೆಂಡಾಗಿ ಉಬ್ಬಿತು. ಇಡೀ ಮನೆ ಕರೆದು ತೋರಿಸಿದರು. ತೋರಿಸುತ್ತಾ ನಿಂತಿದ್ದರಿಂದ ತಳ ಸೀದಿತು. ಸೀದದ್ದನ್ನು ತಮ್ಮನ ಮಗನ ತಟ್ಟೆಗೆ ಹಾಕಿ, ಅಮೆರಿಕದ ಮೈದಾ ಅಭ್ಯಾಸವಾದವರಿಗೆ ಇಲ್ಲಿನದು ಹೀಗೆ ಎಂದರು. ಅಷ್ಟರಲ್ಲಿ ದೊಡ್ಡಮ್ಮ ಮೂರನೆಯದರಲ್ಲಿ ಹಿದುಕಿದ ಅವರೆಯ ಪಲ್ಯ ಸುತ್ತಿಕೊಂಡು ಹಿತ್ತಿಲ ಕಟ್ಟೆಯಲ್ಲಿ ಕೂತು ತಿಂದು ಮುಗಿಸಿದ್ದರು. ಮೆಕ್ಸಿಕೋದಲ್ಲೂ ಬೀನ್ಸ್ ಕಾಳನ್ನು ಹೀಗೇ ಸುತ್ತಿ ತಿನ್ನುತ್ತಾರೆ ಎಂದು ಹುಡುಗಿ ಹೇಳಿದ್ದಕ್ಕೆ, “ಮತ್ತೆ ಹೆಂಗೆ ತಿಂತಾರೆ?” ಎಂದರು.

ಸಂಜೆ ಕ್ಲಬ್ಬಿನಲ್ಲಿ ಇಸ್ಪೀಟು ಕಲಸುತ್ತಾ ದೊಡ್ಡಪ್ಪ ಹೇಳುತ್ತಿದ್ದರಂತೆ: “ಅಕ್ಕಿ ಹಿಟ್ಟಿಗೆ ಬಿಸಿ ಬೇಕು, ಗೋಧಿ ಹಿಟ್ಟಿಗೆ ನಿದ್ದೆ ಬೇಕು. ಅರ್ಧ ಗಂಟೆ ಮುಟ್ಟಬಾರದು. ಈಗಿನ ಹುಡುಗೀರಿಗೆ ಆ ತಾಳ್ಮೆ ಎಲ್ಲಿದೆ?” ಉತ್ತರ ಮೆಕ್ಸಿಕೋದವರು ಹಂದಿ ನೆಣ ಹಾಕುವುದು, ದಕ್ಷಿಣದವರು ಜೋಳಕ್ಕೆ ಸುಣ್ಣ ಹಾಕುವುದು, ಎಲ್ಲ ಬಂತು. ಕೂತಿದ್ದವರಲ್ಲಿ ಇಬ್ಬರು ಮೂವರು ಬೇರೆ ಬೇರೆ ಮನೆಗಳ ರೊಟ್ಟಿ ದೊಡ್ಡಪ್ಪಂದಿರೇ. ಅವರು ಒಪ್ಪಲಿಲ್ಲ. ನೆಣ ಹಾಕಿದರೆ ರೊಟ್ಟಿ ಉಬ್ಬುವುದು ಸಾಧ್ಯವೇ ಇಲ್ಲ ಎಂದು ಒಬ್ಬರು ಎಲೆ ಕೆಳಗೆ ಹಾಕಿ ವಾದಕ್ಕಿಳಿದರು. ಮೈದಾವನ್ನು ಜನ್ಮದಲ್ಲಿ ಮುಟ್ಟದವರು ಮೈದಾದ ಮೇಲೆ ರಾತ್ರಿ ಒಂಬತ್ತರವರೆಗೆ ಜಗಳವಾಡಿದರು. ಅವರೆಲ್ಲರ ಮನೆಗಳಲ್ಲೂ ಆ ಹೊತ್ತಿಗೆ ರಾತ್ರಿಯ ರೊಟ್ಟಿ ಆರಿ ಹೋಗಿತ್ತು. ಆರಿದ್ದಕ್ಕೆ ಮನೆಯವರನ್ನು ಬೈದರು.

ಆ ಕಡೆ ಹೋದಾಗ ಯಾರಾದರೂ ಬೆಳಗಿನ ರೊಟ್ಟಿಗೆ ಕರೆದರೆ ತಪ್ಪಿಸಬೇಡಿ. ಮಳೆಗಾಲವಾದರೆ ಕಳಲೆ ಸಾರಿರುತ್ತದೆ, ಚಳಿಗಾಲವಾದರೆ ಅವರೆಕಾಳು, ಭಾನುವಾರವಾದರೆ ಕೋಳಿ. ದೊಡ್ಡಪ್ಪ ಹೇಳುವುದನ್ನೆಲ್ಲ ಕೇಳಿ, ಆನೆಯ ವಿಷಯಕ್ಕೆ ತಲೆ ಆಡಿಸಿ, ಬೊಡ್ಡೆ ಕೆಂಡ ಹೌದು ಎನ್ನಿ. ಉಪ್ಪು ಕಡಿಮೆ ಎನಿಸಿದರೆ ಮಾತ್ರ ಅವರ ಎದುರಿಗೆ ಬಾಯಿಬಿಡಬೇಡಿ. ಅವರು ಕೂಡಲೇ ಒಪ್ಪಿಕೊಂಡು ದೊಡ್ಡದಾಗಿ ಒಳಗೆ ಕೂಗಿ ಹೇಳುತ್ತಾರೆ. ದೊಡ್ಡಮ್ಮ ನಿಮಗೆ ಎರಡನೆಯ ರೊಟ್ಟಿ ಹಾಕುವುದಿಲ್ಲ.